ಮಾಲಿನ್ಯ ಹುಟ್ಟುವ ಮುನ್ನವೇ
(ಚೆನ್ನೈನ ವಡಪಳನಿಯಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ವಡಪಳನಿ ಎಂದೊಡನೆ ನೆನಪಿಗೆ ಬರುವುದು ಚಲನಚಿತ್ರ. ವಾಹಿನಿ, ಎ.ವಿ.ಎಂ. ಮೊದಲಾದ ಸ್ಟುಡಿಯೋಗಳು ಈ ಬಡಾವಣೆಗೆ ಹೆಸರು ತಂದವು. ಕರ್ನಾಟಕದಲ್ಲಿ ಸೌಕರ್ಯಗಳು ಬೆಳೆಯುವವರೆಗೆ ನಮ್ಮ ಭಾಷೆಯ ಬಹುಪಾಲು ಚಿತ್ರಗಳೂ ಮದರಾಸಿನಲ್ಲಿಯೇ ತಯಾರಾಗುತ್ತಿದ್ದವು. ಆ ಕಲೆಯ ಹಿಂದೆ ಒಂದು ರಾಸಾಯನಿಕ ಕೈಗಾರಿಕೆಯೂ ಇದ್ದಿತು. ನನ್ನ ಮಾತನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಫಿಲ್ಮಿನ ಮೇಲೆ ಬೆಳ್ಳಿಯ ಲವಣಗಳ ತೆಳುವಾದ ಲೇಪವಿರುತ್ತದೆ. ವರ್ಣಚಿತ್ರದ ಫಿಲ್ಮನ್ನು ಸಂಸ್ಕರಿಸುವಾಗ ಆ ಬೆಳ್ಳಿ ಕರಗಿ ದ್ರಾವಣಕ್ಕೆ ಬರುತ್ತದೆ. ಚಿತ್ರವಾಗಿ ಉಳಿಯುವುದು ಬಣ್ಣ ಮಾತ್ರ. ದ್ರಾವಣವನ್ನು ಚರಂಡಿಗೆ ಚೆಲ್ಲಿದರೆ ಬೆಳ್ಳಿಯೂ ಹೋಯಿತು, ನೀರೂ ಕೆಟ್ಟಿತು. ಅದರಲ್ಲಿ ವಿದ್ಯುತ್ತನ್ನು ಹಾಯಿಸಿದರೆ ಬೆಳ್ಳಿ ಉಕ್ಕಿನ ತಗಡಿನ ಮೇಲೆ ಕೂಡುತ್ತದೆ. ದ್ರಾವಣವನ್ನು ಸರಿಪಡಿಸಿ ಮತ್ತೆ ಬಳಸಬಹುದು. ತೊಳೆಯುವ ನೀರನ್ನು ಫಿಲ್ಮು ಸಾಗುವ ದಿಕ್ಕಿಗೆ ಎದುರಾಗಿ ಹರಿಸಿದರೆ ಕಡಿಮೆ ನೀರು ಸಾಕಾಗುತ್ತದೆ. ಫಿಲ್ಮ್ ಪ್ರಯೋಗಾಲಯಗಳಲ್ಲಿ ಇದು ಲೋಕರೂಢಿಯಾದುದು ಕಾನೂನಿನ ಭಯಕ್ಕಿಂತ ಹೆಚ್ಚಾಗಿ ಬೆಳ್ಳಿಯ ಬೆಲೆಯಿಂದ. ಇಂದು ಡಿಜಿಟಲ್ ತಂತ್ರ ಬಂದು ಆ ಕೆಲಸವೇ ಬಹುಮಟ್ಟಿಗೆ ನಿಂತಿದೆ. ಪಾಠ ಮಾತ್ರ ಹಳೆಯದಾಗಿಲ್ಲ: ತ್ಯಾಜ್ಯವೆಂದರೆ ನಾವು ಹಣ ಕೊಟ್ಟು ಕೊಂಡು, ಬಳಸದೆ ಹೊರಹಾಕಿದ ಕಚ್ಚಾ ವಸ್ತು.

ಈ ವಿಚಾರವನ್ನೇ ‘ನಿರ್ಮಲ ಉತ್ಪಾದನೆ’ ಎಂದು ಕರೆಯಲಾಗಿದೆ. ಕೊಳೆಯನ್ನು ಕೊಳವೆಯ ತುದಿಯಲ್ಲಿ ಶುದ್ಧಿಮಾಡುವುದು ಹಳೆಯ ಮಾರ್ಗ. ಕೊಳೆ ಹುಟ್ಟದಂತೆಯೇ ಕಚ್ಚಾ ವಸ್ತು, ಯಂತ್ರ ಮತ್ತು ಕೆಲಸದ ಕ್ರಮವನ್ನು ತಿದ್ದಿಕೊಳ್ಳುವುದು ಹೊಸ ಮಾರ್ಗ.

ಹಳೆಯ ಮಾರ್ಗ ಏಕೆ ಸಾಲದು? ಪಾಲಾರ್ ನದಿಯನ್ನು ನೋಡಿ. ಅದು ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ಕೋಲಾರದ ನೆಲದಲ್ಲಿ ಹರಿದು, ಆಂಧ್ರವನ್ನು ಹಾಯ್ದು ತಮಿಳುನಾಡಿಗೆ ಬರುತ್ತದೆ. ಅಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಚರ್ಮ ಹದಮಾಡುವ ಕಾರ್ಖಾನೆಗಳಿವೆ. ಅವು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿವೆ, ದೇಶಕ್ಕೆ ವಿದೇಶಿ ವಿನಿಮಯ ತಂದಿವೆ. ಅವುಗಳ ಕೊಳೆನೀರು ಬಾವಿಗಳನ್ನೂ ಹೊಲಗಳನ್ನೂ ಕೆಡಿಸಿದೆ. ವೆಲ್ಲೂರಿನ ನಾಗರಿಕರ ವೇದಿಕೆಯೊಂದು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 1996ರ ಆಗಸ್ಟ್ 28ರಂದು ಬಂದ ತೀರ್ಪು, ಕೆಡಿಸಿದವನೇ ತೆರಬೇಕೆಂಬ ತತ್ವವನ್ನೂ ಮುನ್ನೆಚ್ಚರಿಕೆಯ ತತ್ವವನ್ನೂ ನಮ್ಮ ನೆಲದ ಕಾನೂನಿನ ಭಾಗವೆಂದು ಸಾರಿತು. ಪ್ರತಿಯೊಂದು ಕಾರ್ಖಾನೆಗೂ 10,000 ರೂಪಾಯಿ ದಂಡ ವಿಧಿಸಿತು. ಆದರೂ 2025ರ ಜನವರಿಯಲ್ಲಿ, ಅಂದರೆ 28 ವರ್ಷಗಳ ನಂತರವೂ, ಅದೇ ನದಿಯ ಸಂತ್ರಸ್ತರ ಪರಿಹಾರಕ್ಕಾಗಿ ಅದೇ ನ್ಯಾಯಾಲಯ ಮತ್ತೆ ಆದೇಶ ನೀಡಬೇಕಾಯಿತು.

ತೀರ್ಪಿನಿಂದ ನದಿ ತಾನಾಗಿ ತಿಳಿಯಾಗುವುದಿಲ್ಲ. ಶುದ್ಧೀಕರಣ ಘಟಕವನ್ನು ಕಟ್ಟಿದ ಮಾತ್ರಕ್ಕೂ ಆಗುವುದಿಲ್ಲ. ಘಟಕದಲ್ಲಿ ನೀರಿನಿಂದ ಬೇರ್ಪಟ್ಟ ಕೊಳೆ ಮಾಯವಾಗುವುದಿಲ್ಲ, ಕೆಸರಾಗಿ ಸಂಗ್ರಹವಾಗುತ್ತದೆ. 2015ರ ಜನವರಿ 31ರಂದು ರಾಣಿಪೇಟೆಯಲ್ಲಿ ಚರ್ಮೋದ್ಯಮದ ಸಾಮೂಹಿಕ ಶುದ್ಧೀಕರಣ ಘಟಕದ ತೊಟ್ಟಿಯ ಗೋಡೆ ಒಡೆಯಿತು. ನುಗ್ಗಿದ ಕೆಸರಿನಲ್ಲಿ ಸಿಲುಕಿ 10 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಪಾಲು ಮಂದಿ ದೂರದ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಆ ಕೆಸರು ಹುಟ್ಟುವ ಜಾಗದಲ್ಲಿಯೇ ಕಡಿಮೆಯಾಗಬೇಕು ಎಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ಬೇಕಾಗಿಲ್ಲ.

ಕಡಿಮೆ ಮಾಡುವ ಉಪಾಯಗಳಿವೆ. ಹಳೆಯ ಕ್ರಮದಲ್ಲಿ ಹದಮಾಡುವಾಗ ತೊಗಲು ಹೀರಿಕೊಳ್ಳುವುದು ಕ್ರೋಮಿಯಂ ಲವಣದಲ್ಲಿ ನೂರಕ್ಕೆ 60ರಿಂದ 70 ಭಾಗ ಮಾತ್ರ. ಮಿಕ್ಕದ್ದು ನೀರಿನೊಡನೆ ಹೋಗುತ್ತದೆ. ಆ ನೀರಿಗೆ ಮೆಗ್ನೀಸಿಯಂ ಆಕ್ಸೈಡನ್ನು ಬೆರೆಸಿದರೆ ಕ್ರೋಮಿಯಂ ತಳಕ್ಕೆ ಇಳಿಯುತ್ತದೆ. ಗಂಧಕಾಮ್ಲದಲ್ಲಿ ಕರಗಿಸಿ ಅದನ್ನು ಮತ್ತೆ ಹದಮಾಡಲು ಬಳಸಬಹುದು. ಇದೇ ಚೆನ್ನೈನ ಅಡೆಯಾರಿನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇಂತಹ ವಿಧಾನಗಳನ್ನು ಕಾರ್ಖಾನೆಗಳಿಗೆ ತಲುಪಿಸಲು ಶ್ರಮಿಸಿದೆ. ಹಸಿ ತೊಗಲು ಕೊಳೆಯದಿರಲೆಂದು ಹಾಕಿದ ಉಪ್ಪಿನ ಕಥೆಯೂ ಹೀಗೆಯೇ. ನೀರಿನಲ್ಲಿ ಒಮ್ಮೆ ಕರಗಿದ ಉಪ್ಪನ್ನು ಬೇರ್ಪಡಿಸಲು ದುಬಾರಿ ಯಂತ್ರಗಳು ಬೇಕು. ನೆನೆಸುವ ಮೊದಲೇ ತೊಗಲನ್ನು ಕೊಡವಿದರೆ ಅದರಲ್ಲಿ ಒಂದು ಭಾಗ ಒಣಗಿದಂತೆಯೇ ಉದುರಿಬೀಳುತ್ತದೆ. ಅದಕ್ಕೆ ಬೇಕಾದುದು ಕೈಗಳು ಮತ್ತು ಶ್ರದ್ಧೆ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಸಣ್ಣ ಉದ್ಯಮಿಗೆ ಉಳಿತಾಯ ನಾಳೆಯದು, ಖರ್ಚು ಇಂದಿನದು. ಬೆಳ್ಳಿಯಂತೆ ಎಲ್ಲ ತ್ಯಾಜ್ಯಕ್ಕೂ ಬೆಲೆ ಬರುವುದಿಲ್ಲ. ಆದುದರಿಂದಲೇ ಇದು ರಾಷ್ಟ್ರಮಟ್ಟದ ಹೊಣೆ. ಮಾಲಿನ್ಯವನ್ನು ಮೂಲದಲ್ಲಿಯೇ ತಡೆಯಬೇಕೆಂಬುದನ್ನು ಕೇಂದ್ರ ಸರ್ಕಾರ 1992ರ ಮಾಲಿನ್ಯ ನಿವಾರಣಾ ನೀತಿಯಲ್ಲಿ ಒಪ್ಪಿಕೊಂಡಿತು. 1995ರಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಳಿಯ ಆಶ್ರಯದಲ್ಲಿ, ವಿಶ್ವಸಂಸ್ಥೆಯ ನೆರವಿನೊಂದಿಗೆ, ರಾಷ್ಟ್ರೀಯ ನಿರ್ಮಲ ಉತ್ಪಾದನಾ ಕೇಂದ್ರ ಸ್ಥಾಪನೆಯಾಯಿತು. ಒಂದೇ ಬಗೆಯ ಸಣ್ಣ ಕಾರ್ಖಾನೆಗಳ ಮಾಲೀಕರು ಒಬ್ಬರು ಮತ್ತೊಬ್ಬರ ಕಾರ್ಖಾನೆಗೆ ಹೋಗಿ, ತ್ಯಾಜ್ಯ ಎಲ್ಲಿ ಹುಟ್ಟುತ್ತದೆಂದು ಕೂಡಿ ಹುಡುಕುವ ‘ತ್ಯಾಜ್ಯ ಕಡಿತ ವೃತ್ತ’ಗಳನ್ನೂ ಮಂಡಳಿ ನಡೆಸಿತು. ದೋಷವೂ ಇಲ್ಲದ, ಪರಿಸರಕ್ಕೆ ದುಷ್ಪರಿಣಾಮವೂ ಇಲ್ಲದ ತಯಾರಿಕೆಯನ್ನು ಪ್ರಮಾಣೀಕರಿಸುವ ಯೋಜನೆ 2016ರಲ್ಲಿ ಆರಂಭವಾಯಿತು. ಇವುಗಳ ಜೊತೆಗೆ ಸುಲಭ ಸಾಲ, ತಾಂತ್ರಿಕ ಸಲಹೆ, ಹಲವರು ಕೂಡಿ ಬಳಸುವ ಮರುಗಳಿಕೆ ಘಟಕ, ಪಕ್ಷಪಾತವಿಲ್ಲದ ತಪಾಸಣೆ ಇವೆಲ್ಲವೂ ಸಣ್ಣ ಊರಿನ ಸಣ್ಣ ಕಾರ್ಖಾನೆಯ ಬಾಗಿಲಿಗೆ ತಲುಪಬೇಕು. ನಿಯಮವನ್ನು ಪಾಲಿಸಿದವನು, ಪಾಲಿಸದವನ ಮುಂದೆ ಪೈಪೋಟಿಯಲ್ಲಿ ಸೋಲುವಂತಾಗಬಾರದು.

ಬಂಧುಗಳೆ, 2019ರ ಬೇಸಿಗೆಯಲ್ಲಿ ಈ ನಗರದ ಜಲಾಶಯಗಳು ಬತ್ತಿ, ಕೊಡಗಳ ಸಾಲಿನಲ್ಲಿ ನಾವು ನೀವು ನಿಂತುದು ಮರೆಯುವಂತಹುದಲ್ಲ. ಒಂದು ಕೊಡ ನೀರಿನ ಬೆಲೆ ನಮಗೆ ಅಂದು ತಿಳಿಯಿತು. ನಿಮ್ಮಲ್ಲಿ ಕೆಲವರಿಗೆ ಮುದ್ರಣಾಲಯಗಳಿರಬಹುದು, ಲೋಹದ ಲೇಪನದ ಕಾರ್ಯಾಗಾರಗಳಿರಬಹುದು, ಹೋಟೆಲುಗಳಿರಬಹುದು. ನಾಳೆ ಬೆಳಿಗ್ಗೆ ಒಂದು ಪುಸ್ತಕವನ್ನು ತೆರೆಯಿರಿ. ಎಷ್ಟು ವಸ್ತು, ಎಷ್ಟು ನೀರು, ಎಷ್ಟು ವಿದ್ಯುತ್ತು ಒಳಗೆ ಬಂದಿತು, ಎಷ್ಟು ಸರಕಾಗಿ ಹೊರಗೆ ಹೋಯಿತು ಎಂದು ಒಂದು ತಿಂಗಳು ಬರೆಯಿರಿ. ಎರಡರ ನಡುವಿನ ಅಂತರವೇ ನಿಮ್ಮ ನಷ್ಟ, ನೆರೆಯವರ ಕಷ್ಟ. ಆ ಅಂತರವನ್ನು ಕಿರಿದುಮಾಡುವುದರಲ್ಲಿ ಉದ್ಯಮದ ಲಾಭವೂ ದೇಶದ ಹಿತವೂ ಒಂದಾಗಿ ಸೇರಿವೆ. ನಂದಿಬೆಟ್ಟದಿಂದ ತಿಳಿಯಾಗಿ ಹೊರಟ ನೀರು ಕಡಲು ಸೇರುವವರೆಗೂ ತಿಳಿಯಾಗಿಯೇ ಹರಿಯುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.