ತೂಕದ ಕಲ್ಲಿಗೆ ಮುದ್ರೆ ಉಂಟು, ಚಿತ್ರಕ್ಕೆ?

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿಯ ತೂಕದ ಕಲ್ಲಿಗೆ ಸರಕಾರದ ಮುದ್ರೆ ಬೀಳಬೇಕು. ಅವಧಿ ಮೀರಿದರೆ ದಂಡ. ಗಿರಣಿಯಲ್ಲಿ ನೂಲಿನ ಕೌಂಟು ಪರೀಕ್ಷಿಸದೆ ಮುಂದಕ್ಕೆ ಕಳಿಸಿದರೆ ಬಟ್ಟೆಯೇ ಕೆಡುತ್ತದೆ. ಬೆಲ್ಲಕ್ಕೂ ಬಟ್ಟೆಗೂ ಇಷ್ಟು ಎಚ್ಚರ ವಹಿಸುವ ನಾವು, ಕ್ಯಾನ್ಸರ್ ರೋಗಿಗೆ ಕಿರಣ ಬಿಡುವ ಮುನ್ನ ತೆಗೆಯುವ ಚಿತ್ರ ಸರಿಯಿದೆಯೇ ಎಂದು ಎಂದಾದರೂ ಕೇಳಿದ್ದೇವೆಯೇ?

ನಮ್ಮ ಜನ ಇದನ್ನು ‘ಕರೆಂಟು ಕೊಡುವುದು’ ಎನ್ನುತ್ತಾರೆ. ಕೊಡುವುದು ವಿದ್ಯುತ್ತಲ್ಲ, ಕಣ್ಣಿಗೆ ಕಾಣದ ಕಿರಣ. ಅದು ಗಡ್ಡೆಗೆ ಪೂರ್ತಿ ಬೀಳಬೇಕು. ಪಕ್ಕದ ಒಳ್ಳೆಯ ಅಂಗಕ್ಕೆ ಆದಷ್ಟು ಕಡಿಮೆ ತಾಗಬೇಕು. ಗಡ್ಡೆ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ತಿಳಿಯಲು ಮೊದಲು ಸಿ.ಟಿ. ಸ್ಕ್ಯಾನ್ ತೆಗೆಯುತ್ತಾರೆ. ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಕಟ್ಟಿದ ಈ ಯಂತ್ರದಿಂದ 1971ರಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಲಾಯಿತು. ಅವರ ಹೆಸರಿನ ಅಳತೆಯಲ್ಲಿ ನೀರಿಗೆ 0, ಗಾಳಿಗೆ ಸೊನ್ನೆಗಿಂತ 1000 ಕೆಳಗೆ. ಎಲುಬಿನ ಅಂಕಿ ನೀರಿಗಿಂತ ಬಹಳ ಮೇಲೆ. ಕಿರಣ ಮೈಯೊಳಗೆ ಹೋಗುತ್ತ ಎಷ್ಟು ತಗ್ಗುತ್ತದೆ ಎಂಬುದನ್ನು ಕಂಪ್ಯೂಟರು ಈ ಅಂಕಿಗಳಿಂದಲೇ ಲೆಕ್ಕ ಹಾಕುತ್ತದೆ. ಆದುದರಿಂದ ಇದು ಬರಿಯ ಚಿತ್ರವಲ್ಲ, ತಕ್ಕಡಿ.

ತಕ್ಕಡಿ ಎಂದ ಮೇಲೆ ಪರೀಕ್ಷೆ ಬೇಡವೇ? ಅಮೆರಿಕದ ವೈದ್ಯಕೀಯ ಭೌತಶಾಸ್ತ್ರಜ್ಞರ ಸಂಘ 2003ರಲ್ಲಿ ಒಂದು ವರದಿ ಪ್ರಕಟಿಸಿತು. ದಿನಾಲೂ ನೀರನ್ನು ಸ್ಕ್ಯಾನ್ ಮಾಡಿ ನೋಡಬೇಕು. ಅಂಕಿ ಸೊನ್ನೆಯಿಂದ 5ಕ್ಕಿಂತ ಆಚೀಚೆ ಹೋಗಬಾರದು. ರೋಗಿಯ ಮೈಮೇಲೆ ಗುರುತು ಹಾಕಲು ನೆರವಾಗುವ ಲೇಸರ್ ಗೆರೆ 2 ಮಿಲಿಮೀಟರಿಗಿಂತ ಹೆಚ್ಚು ಜರುಗಿರಬಾರದು. ಇಂಥ ಪರೀಕ್ಷೆಗೆ ಬೇಕಾದದ್ದು ಸ್ವಲ್ಪ ಹೊತ್ತು, ಒಬ್ಬ ತಿಳಿದ ಮನುಷ್ಯ, ಒಂದು ದಾಖಲೆ ಪುಸ್ತಕ. ಅಷ್ಟನ್ನು ಬಿಟ್ಟರೆ, ಚಿತ್ರದಲ್ಲಾದ ತಪ್ಪು ವಾರಗಟ್ಟಲೆ ನಡೆಯುವ ಚಿಕಿತ್ಸೆಯುದ್ದಕ್ಕೂ ದಿನದಿನವೂ ಮರುಕಳಿಸುತ್ತದೆ.

ಲೆಕ್ಕ ತಪ್ಪಿದ ಕಥೆಗೆ ಫ್ರಾನ್ಸಿನ ಎಪಿನಾಲ್ ಊರನ್ನು ನೋಡಿ. ಕಿರಣ ಸರಿಯಾದ ಜಾಗಕ್ಕೆ ಬೀಳುತ್ತದೆಯೇ ಎಂದು ತಿಳಿಯಲು ಅಲ್ಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆಯ ವೇಳೆ ದಿನವೂ ಚಿತ್ರ ತೆಗೆದರು. ಚಿತ್ರ ತೆಗೆಯಲು ಬಿಟ್ಟ ಕಿರಣವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. 2001ರಿಂದ 2006ರ ತನಕ 400ಕ್ಕೂ ಹೆಚ್ಚು ರೋಗಿಗಳಿಗೆ ನಿಗದಿಗಿಂತ ಶೇಕಡಾ 8ರಿಂದ 10ರಷ್ಟು ಹೆಚ್ಚು ಕಿರಣ ಬಿತ್ತು. ಅದೇ ಆಸ್ಪತ್ರೆಯಲ್ಲಿ 2004–05ರಲ್ಲಿ ಕಂಪ್ಯೂಟರನ್ನು ತಪ್ಪಾಗಿ ಬಳಸಿದ್ದರಿಂದ 24 ಮಂದಿಗೆ ಅತಿಯಾದ ಕಿರಣ ತಾಗಿತು, ಸತ್ತವರೂ ಉಂಟು. ಆ ಕಂಪ್ಯೂಟರಿನ ಸೂಚನೆಗಳು ಇಂಗ್ಲಿಷಿನಲ್ಲಿದ್ದವು; ಕೆಲಸ ಮಾಡುವವರ ಕೈಗೆ ಫ್ರೆಂಚ್ ಕೈಪಿಡಿ ಕೊಟ್ಟಿರಲಿಲ್ಲ. ಸಿರಿವಂತ ದೇಶದ ಗತಿಯೇ ಹೀಗಾದರೆ ನಾವು ಕೈಕಟ್ಟಿ ಕೂರಬಹುದೇ?

ಹೀಗೆಂದು ಯಾರೂ ಹೆದರಿ ಚಿಕಿತ್ಸೆ ಬಿಡಬೇಡಿ. ಕಿರಣದಿಂದ ಬದುಕಿದವರು ಲೆಕ್ಕವಿಲ್ಲದಷ್ಟು. ನಮ್ಮ ದೇಶದಲ್ಲಿಯೂ 1983ರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದೆ. ಅದರ ಪರವಾನಗಿ ಇಲ್ಲದೆ ಈ ಯಂತ್ರಗಳನ್ನು ನಡೆಸುವಂತಿಲ್ಲ. ಆದರೆ ಪರವಾನಗಿಯ ಕಾಗದ ಗೋಡೆಯ ಮೇಲಿದ್ದರೆ ಸಾಲದು. ಈ ದಿನದ ಪರೀಕ್ಷೆ ಈ ದಿನವೇ ಆಗಬೇಕು.

ಹಣವಂತ ಇನ್ನೊಂದು ಊರಿಗೆ ಹೋಗಿ ಇನ್ನೊಮ್ಮೆ ತೋರಿಸಿಕೊಂಡಾನು. ಗಿರಣಿಯ ಕೂಲಿಗೆ ಇರುವುದು ಒಂದೇ ಆಸ್ಪತ್ರೆ. ಆದುದರಿಂದ ನಮ್ಮ ಬೇಡಿಕೆ ಇಷ್ಟು: ಸರಕಾರಿ ಆಸ್ಪತ್ರೆಯ ಯಂತ್ರಕ್ಕೆ ಹಣ ಮಂಜೂರು ಮಾಡುವಾಗಲೇ ಅದನ್ನು ಪರೀಕ್ಷಿಸುವ ಭೌತಶಾಸ್ತ್ರಜ್ಞರ ಹುದ್ದೆಯೂ ಮಂಜೂರಾಗಬೇಕು, ಹುದ್ದೆ ಖಾಲಿ ಬಿಡಬಾರದು, ಪರೀಕ್ಷೆ ನಡೆದ ತಾರೀಖನ್ನು ಜನರಿಗೆ ಕಾಣುವಂತೆ ಕನ್ನಡದಲ್ಲಿ ಬರೆದು ಹಾಕಬೇಕು. ಅಂಗಡಿಯ ತಕ್ಕಡಿಗೆ ಇರುವ ಕಟ್ಟು ಬಡವನ ಪ್ರಾಣ ತೂಗುವ ತಕ್ಕಡಿಗೂ ಇರಲಿ.