ಶಿಲ್ಪಾರಾಮದ ಸಂತೆಯಲ್ಲಿ ಒಂದು ಬಿದರಿ ಡಬ್ಬಿ
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನಮ್ಮ ಕಸುಬಲ್ಲ. ಬಿ.ಕಾಂ. ಪಾಸು ಮಾಡಿ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಪರರ ಹಣ ಎಣಿಸುವ ಗುಮಾಸ್ತರು ನಾವು. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. "ಶಿಲ್ಪಾರಾಮದಲ್ಲಿ ನಡೆದುದನ್ನು ನಮಗೆ ಹೇಳಿದಿರಲ್ಲ, ಅದನ್ನೇ ಎಲ್ಲರಿಗೂ ಹೇಳಿರಿ" ಎಂದರು. ಆದುದರಿಂದ ಅದನ್ನೇ ಹೇಳುತ್ತೇವೆ.

ತುಮಕೂರಿನಲ್ಲಿ ನಮ್ಮ ಅಕ್ಕನ ಮನೆಯ ಗೃಹಪ್ರವೇಶವಿತ್ತು. "ಹೈದರಾಬಾದಿನಿಂದ ಬರುವಾಗ ಅಲ್ಲಿಯದೇ ಆದ ಒಂದು ವಸ್ತು ತನ್ನಿ, ಪ್ರತಿಸಲದಂತೆ ಬಿಸ್ಕತ್ತಿನ ಡಬ್ಬಿ ಹೊತ್ತು ಬರಬೇಡಿ" ಎಂದು ಅಕ್ಕ ಮೊದಲೇ ಎಚ್ಚರಿಸಿದ್ದಳು. ಮಾತು ನ್ಯಾಯವಾದುದೇ. ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಬಿಸ್ಕತ್ತು ಬಿಟ್ಟು ಬೇರೇನನ್ನೂ ನಾವು ತವರಿನ ಕಡೆಗೆ ಒಯ್ದದ್ದಿಲ್ಲ.

ಮಗಳಿಗೆ ಈಗ ಎಂಟು ವರ್ಷ. ಅವಳು ಹುಟ್ಟಿದುದು ಇಲ್ಲಿಯೇ. ಹಿಂದಿನ ವರ್ಷ ಅವಳನ್ನು ರಾಮೋಜಿ ಫಿಲ್ಮ್ ಸಿಟಿಗೆ ಕರೆದೊಯ್ದಿದ್ದೆವು. 1996ರಲ್ಲಿ ಆರಂಭವಾದ ಆ ಸಿನಿಮಾ ನಗರವನ್ನು ನಿಮ್ಮಲ್ಲಿ ನೋಡದವರು ಇರಲಾರರು. ಅಲ್ಲಿಯ ಬೀದಿಯ ಮನೆಗಳಿಗೆ ಮುಂಗೋಡೆಯುಂಟು, ಹಿಂದೆ ಅಡಿಗೆಮನೆಯಿಲ್ಲ. "ಅಪ್ಪಾ, ಇಲ್ಲಿಯವರು ಊಟ ಎಲ್ಲಿ ಮಾಡುತ್ತಾರೆ?" ಎಂದು ಕೇಳಿದ್ದಳು. ಹೀಗಾಗಿ ಶಿಲ್ಪಾರಾಮದ ಬಾಗಿಲಲ್ಲಿ ಟಿಕೆಟ್ಟು ಕೊಂಡು ಒಳಗೆ ಕಾಲಿಟ್ಟೊಡನೆಯೇ ಅವಳ ಮೊದಲ ಪ್ರಶ್ನೆ, "ಇದೂ ಸುಳ್ಳು ಊರೇನಪ್ಪಾ?" ಎಂಬುದು.

ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಮಾದಾಪುರದಲ್ಲಿ 1992ರಲ್ಲಿ ಆರಂಭವಾದ ಈ ಕರಕುಶಲ ಗ್ರಾಮವೂ ಮಾಡಿಸಿದ ಊರೇ. ಅದರ ನೆರೆಯ ಸೈಬರ್ ಟವರ್ಸ್ ಉದ್ಘಾಟನೆಯಾದುದು 1998ರಲ್ಲಿ. ಎಂದರೆ ಅಲ್ಲಿ ಹಳ್ಳಿಗಿಂತ ಗಾಜಿನ ಪೇಟೆಯೇ ಕಿರಿಯದು! ಒಳಗಿನ ಗ್ರಾಮ ಸಂಗ್ರಹಾಲಯದಲ್ಲಿ ಕುಂಬಾರ, ನೇಕಾರ ಮೊದಲಾದವರ ಆಳೆತ್ತರದ ಬೊಂಬೆಗಳಿವೆ. ಅವುಗಳ ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಸಂತೆಯ ಸಾಲಿನಲ್ಲಿ ಕುಳಿತಿರುವವರು ಬೊಂಬೆಗಳಲ್ಲ. ಅಲ್ಲಿ ವ್ಯಾಪಾರ ನಿಜ, ಚೌಕಾಸಿಯಂತೂ ಇನ್ನೂ ನಿಜ.

ಮೊದಲು ಒಂದು ಆಟಿಕೆಯ ಅಂಗಡಿ. ಅರಗಿನ ಬಣ್ಣದ ಬುಗುರಿ, ಗಿಲಕಿ, ಪುಟ್ಟ ಬಂಡಿ. "ಓ, ನಮ್ಮ ಚನ್ನಪಟ್ಟಣ!" ಎಂದು ನಮ್ಮ ಮನೆಯವರು ಉಬ್ಬಿಹೋದರು. ಅಂಗಡಿಯಾತ ನಕ್ಕು, ಅಲ್ಲ, ಇದು ಆಂಧ್ರದ ಏಟಿಕೊಪ್ಪಾಕದ್ದು ಎಂದ. ಮರ ಯಾವುದೆಂದು ಕೇಳಿದರೆ ಅಂಕುಡು ಎಂದ. ಮನೆಗೆ ಬಂದು ವಿಚಾರಿಸಿದಾಗ ತಿಳಿಯಿತು: ಅವರ ಅಂಕುಡು, ಚನ್ನಪಟ್ಟಣದವರ ಹಾಲೆಮರ, ಎರಡೂ ಒಂದೇ ಮರ. ಎರಡು ಊರಿನವರೂ ಅದನ್ನೇ ಚರಕಿಗೆ ಹಾಕಿ, ತಿರುಗುವ ಬಿಸಿಗೆ ಅರಗು ಕರಗಿಸಿ ಬಣ್ಣ ಹಿಡಿಸುತ್ತಾರೆ. ಮಗಳಿಗೆ ಒಂದು ಬುಗುರಿಯಾಯಿತು.

ಇನ್ನು ಅಕ್ಕನ ಕಾಣಿಕೆ. ಮೂಲೆಯ ಒಂದು ಅಂಗಡಿಯಲ್ಲಿ ಕಪ್ಪು ಬಟ್ಟೆಯ ಮೇಲೆ ಕಪ್ಪು ಡಬ್ಬಿಗಳು. ಮೈಮೇಲೆ ಬೆಳ್ಳಿಯ ಬಳ್ಳಿ. ವೃದ್ಧರೊಬ್ಬರು ಕುಳಿತಿದ್ದರು. ಕುಂಕುಮಕ್ಕೆ ಒಪ್ಪುವ ಅಂಗೈಯಗಲದ ಡಬ್ಬಿಯೊಂದನ್ನು ಮನೆಯವರು ಆರಿಸಿದರು. ಹೈದರಾಬಾದಿನ ವಸ್ತುವೆಂದರೆ ಇದೇ ಸರಿ ಎಂದುಕೊಂಡೆವು. ಬೆಲೆ 2,400 ರೂಪಾಯಿ. ಕೇಳಿದ ಬೆಲೆಯ ಅರ್ಧದಿಂದ ಆರಂಭಿಸಬೇಕೆಂಬುದು ಕಾಲೇಜಿನಲ್ಲಿ ಹೇಳಿಕೊಡದ ವಾಣಿಜ್ಯಶಾಸ್ತ್ರ. ನಮಗೆ ಬರುವ ಅರೆಬರೆ ಹಿಂದಿಯಲ್ಲಿ 1,200 ಎಂದೆವು. ಆತ ತಲೆಯಾಡಿಸಿದರು. ಮನೆಯವರು ನಮ್ಮ ಕಡೆಗೆ ತಿರುಗಿ ಕನ್ನಡದಲ್ಲಿ, "ಎದ್ದು ಹೊರಡೋಣ, ತಾವೇ ಕೂಗಿ ಕೊಡುತ್ತಾರೆ" ಎಂದರು.

ವೃದ್ಧರು ಕೂಗಿದರು. ಆದರೆ ಕನ್ನಡದಲ್ಲಿ ಕೂಗಿದರು!

"ಅಕ್ಕಾವರ, ಕೂಡ್ರಿ. ನಾವು ಬೀದರದವರ್ರೀ. ನೀವು ಕನ್ನಡದವರೇ ಹಿಂಗ ಅರ್ಧಕ್ಕ ಕೇಳಿದ್ರ ಹ್ಯಾಂಗ?"

ಮಹನೀಯರೇ, ಆ ಕ್ಷಣದಲ್ಲಿ ನಮ್ಮ ಮುಖ ಹೇಗಿತ್ತೆಂಬುದನ್ನು ನಾವು ವರ್ಣಿಸುವುದಿಲ್ಲ. ಮನೆಯವರಂತೂ ಬುಗುರಿಯನ್ನೇ ನೋಡುತ್ತ ನಿಂತರು. ಮಗಳು ಮಾತ್ರ "ಈ ತಾತನಿಗೆ ಕನ್ನಡ ಬರುತ್ತೆ!" ಎಂದು ಅಂಗಡಿಯ ಒಳಕ್ಕೇ ಹೋಗಿ ಕುಳಿತಳು.

ಆಮೇಲೆ ಮುಕ್ಕಾಲು ಗಂಟೆ ಅಲ್ಲಿಯೇ ಕಳೆಯಿತು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ತಿಕ್ಕಿ ನಯಮಾಡುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪುಮಾಡಿ, ಉಳಿಯಿಂದ ಚಿತ್ತಾರ ಕೊರೆದು, ಆ ಸಂದಿಗೆ ಬೆಳ್ಳಿಯ ತಂತಿ ಕೂಡಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಆ ಕಪ್ಪೆಲ್ಲ ಹೋಗುತ್ತದೆ. ಆ ಸ್ಥಿತಿಯ ಒಂದು ಬಿಲ್ಲೆಯನ್ನು ಆತ ಮಗಳ ಕೈಗೆ ಕೊಟ್ಟರು. ಬೂದುಬಣ್ಣದ ಲೋಹ, ಬೆಳ್ಳಿ ಯಾವುದು, ಸತು ಯಾವುದೆಂದು ನಮಗೆ ಗೊತ್ತಾಗಲಿಲ್ಲ. ಕೊನೆಗೆ ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ, ಬಿಸಿಮಾಡಿದ ವಸ್ತುವಿಗೆ ತಿಕ್ಕಿದರೆ ಸತುವೆಲ್ಲ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಆಗಬೇಕಂತೆ. ನಾಲಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರಂತೆ. ನಮ್ಮ ಬ್ಯಾಂಕಿನಲ್ಲಿ ಅಡವಿನ ಒಡವೆಗೆ ಒರೆಗಲ್ಲು, ಅವರಲ್ಲಿ ಮಣ್ಣಿಗೆ ನಾಲಗೆ!

ಬೀದರಿನ ಬಿದರಿ ಕಲಾವಿದರಾದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತಷ್ಟೆ. ಆ ಮಾತು ತೆಗೆದಾಗ ವೃದ್ಧರ ಮುಖ ಅರಳಿತು. "ಪ್ರಶಸ್ತಿ ಬಂದದ, ಭಾಳ ಛಲೋ ಆತು. ನಮ್ಮ ಹುಡುಗ ಮಾತ್ರ ಇದೇ ಊರಾಗ ಟ್ಯಾಕ್ಸಿ ಹೊಡೀತಾನ್ರೀ" ಎಂದರು.

ನಾವು ಕೇಳಿದೆವೆಂದು ಲೆಕ್ಕವನ್ನೂ ಹೇಳಿದರು. ಶಿಲ್ಪಾರಾಮದ ಟಿಕೆಟ್ಟಿನ ಹಿಂಬದಿಯಲ್ಲಿ ನಾವು ಬರೆದುಕೊಂಡೆವು: ಬೆಳ್ಳಿ 600, ಲೋಹ ಮತ್ತು ಇದ್ದಿಲು 150, ಎರಕ ಹೊಯ್ಯುವವನಿಗೂ ಅರ ಹಾಕುವವನಿಗೂ ಸೇರಿ 300, ಕೆತ್ತಿ ಬೆಳ್ಳಿ ಕೂಡಿಸುವವನ ಎರಡು ದಿನದ ಕೂಲಿ 1,000, ಬಂದುಹೋಗುವ ಖರ್ಚಿನ ಪಾಲು 150. ಒಟ್ಟು 2,200. ಉಳಿಯುವುದು 200 ರೂಪಾಯಿ. ನಾವು ಕೇಳಿದ 1,200ಕ್ಕೆ ಕೊಟ್ಟಿದ್ದರೆ ಆತ ತಮ್ಮ ಕೈಯಿಂದ ಸಾವಿರ ಸೇರಿಸಿ ನಮ್ಮ ಅಕ್ಕನಿಗೆ ಉಡುಗೊರೆ ಮಾಡಿದಂತಾಗುತ್ತಿತ್ತು.

ಇಲ್ಲಿ ಇನ್ನೊಂದು ಗುಟ್ಟನ್ನೂ ಹೇಳಿಬಿಡುವುದು ಮೇಲು. ಎರಡು ವರ್ಷದ ಹಿಂದೆ ಬೇರೊಂದು ಕಡೆ, ಬಿದರಿಯೆಂದು ಹೇಳಿದ ಆನೆಯೊಂದನ್ನು 900ರಿಂದ 400ಕ್ಕೆ ಇಳಿಸಿ ಕೊಂಡು, ವಾರವೆಲ್ಲ ಕಚೇರಿಯಲ್ಲಿ ಜಂಬ ಕೊಚ್ಚಿದ್ದೆವು. ದಸರೆಗೆ ಒದ್ದೆ ಬಟ್ಟೆಯಿಂದ ಒರೆಸಿದಾಗ ಆನೆಯ ಕಪ್ಪು ಬಟ್ಟೆಗೆ ಬಂದಿತು. ಅರ್ಧಕ್ಕೆ ಕೊಡಬಲ್ಲವನು ಏನನ್ನು ಕೊಡುತ್ತಾನೆಂಬುದು ಆ ದಿನ ಟಿಕೆಟ್ಟಿನ ಹಿಂಬದಿಯನ್ನು ನೋಡುವವರೆಗೆ ನಮಗೆ ಹೊಳೆದಿರಲಿಲ್ಲ.

ಪೂರ್ತಿ 2,400 ಕೊಟ್ಟೆವು. ಆತ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಟ್ಟು, ಕಪ್ಪು ಮಾಸಿದರೆ ಕೊಬ್ಬರಿ ಎಣ್ಣೆ ತಿಕ್ಕಿರಿ ಎಂದರು. ಬಿಲ್ಲೆಯನ್ನು ಮಗಳು ಹಿಂದಕ್ಕೆ ಕೊಟ್ಟಳು, ಮನಸ್ಸಿಲ್ಲದ ಮನಸ್ಸಿನಿಂದ.

ಮೆಟ್ರೋದಲ್ಲಿ ಬರುವಾಗ ನಮ್ಮವರೊಂದು ಕೊಂಕು ತೆಗೆದರು: "ಹೈದರಾಬಾದಿನದು ಬೇಕೆಂದಳು ಅಕ್ಕ, ನಾವು ಕರ್ನಾಟಕದ್ದನ್ನೇ ಕರ್ನಾಟಕಕ್ಕೆ ಹೊರುತ್ತಿದ್ದೇವೆ." ನಿಜವೇ. ಆದರೆ 1956ರ ನವೆಂಬರ್ 1ರ ತನಕ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದವೇ ತಾನೆ? ಆ ದಿನ ಅವು ಮೈಸೂರು ರಾಜ್ಯಕ್ಕೆ ಬಂದುವು. ತೆಲುಗು ಜಿಲ್ಲೆಗಳು ಆಂಧ್ರ ಪ್ರದೇಶಕ್ಕೆ, ಮರಾಠವಾಡ ಮುಂಬಯಿಗೆ ಹೋದುವು. ನಾವು ಹಬ್ಬ ಮಾಡುವ ದಿನವೇ ಈ ಊರಿಗೂ ಬೀದರಿಗೂ ನಡುವೆ ಗಡಿ ಬಿದ್ದ ದಿನ. ಬಿದರಿಯನ್ನು ಮಾತ್ರ ಯಾರೂ ಹಂಚಲು ಹೋಗಲಿಲ್ಲ. ಅಲ್ಲಿಯೂ ಮಾಡುತ್ತಾರೆ, ಇಲ್ಲಿಯೂ ಮಾಡುತ್ತಾರೆ.

ಗೃಹಪ್ರವೇಶದಲ್ಲಿ ಡಬ್ಬಿ ಕೈಯಿಂದ ಕೈಗೆ ಹೋಯಿತು. ಭಾವನವರು ತೂಗಿನೋಡಿ, "ಎಷ್ಟು ಕೊಟ್ಟಿರಿ? ಟೋಪಿ ಹಾಕಿದರೋ ಹೇಗೆ?" ಎಂದರು. ನಾವು ಬಾಯಿ ತೆರೆಯುವುದರೊಳಗೆ ಮಗಳು, ಸತು, ಬೆಳ್ಳಿ, ಕೋಟೆಯ ಮಣ್ಣು, ನಾಲಗೆಯ ರುಚಿ ಎಲ್ಲವನ್ನೂ ಹೇಳತೊಡಗಿದಳು. ನಡುನಡುವೆ ತೆಲುಗು ಮಾತು ನುಸುಳಿದುವು, ಅಡ್ಡಿಯಿಲ್ಲ. ಊರಿನ ಮಕ್ಕಳು ಊಟಕ್ಕೆ ಕರೆದರೂ ಏಳದೆ ಕೇಳಿದರು. ಕೋಟೆಯನ್ನು ನೋಡಿದ್ದೀಯಾ ಎಂದು ಯಾವನೋ ತುಂಟ ಕೇಳಿದಾಗ ಮಾತ್ರ ನಮ್ಮ ಕಡೆ ನೋಡಿದಳು.

ನೋಡಿಲ್ಲ. ಹನ್ನೊಂದು ವರ್ಷದಲ್ಲಿ ನಾವೂ ನೋಡಿಲ್ಲ. ಇಲ್ಲಿಂದ ಬೀದರಿಗೆ ಸುಮಾರು 140 ಕಿಲೋಮೀಟರು. ಬೆಳಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ವೃದ್ಧರು ತಮ್ಮ ಓಣಿಯ ಗುರುತು ಹೇಳಿದ್ದಾರೆ. ಟಿಕೆಟ್ಟಿನ ಹಿಂಬದಿಯಲ್ಲಿ ಅದೂ ಇದೆ. ಕಾರ್ಯದರ್ಶಿಗಳು ಡಿಸೆಂಬರ್ ರಜೆಯಲ್ಲಿ ಸಂಘದಿಂದ ಒಂದು ಬಸ್ಸು ಹೊರಡಿಸುವುದಾದರೆ ಮೊದಲ ಮೂರು ಸೀಟು ನಮಗಿರಲಿ. ಮುಂಗಡ ಹಣವನ್ನು ಈಗಲೇ ಕೊಡುತ್ತೇವೆ. ರಸೀದಿ ಮಾತ್ರ ಬೇಕು.