ಕ್ಯಾಮೆರಾ ಹಿಡಿಯುವ ಮಕ್ಕಳಿಗೆ ಮತ್ತು ಅವರ ಪಾಲಕರಿಗೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮುಂದೇನು ಎಂಬ ಮಾತು ಬಂದರೆ ನಮ್ಮ ಮನೆಗಳಲ್ಲಿ ಡಾಕ್ಟರು, ಇಂಜಿನಿಯರು, ಅದಾಗದಿದ್ದರೆ ನಮ್ಮಂತೆ ಬಿ.ಎಡ್., ಇಷ್ಟಕ್ಕೇ ಪಟ್ಟಿ ಮುಗಿಯುತ್ತದೆ. ಈಚೆಗೆ ಕೆಲವು ಮಕ್ಕಳು ಫೋಟೋಗ್ರಾಫರ್ ಆಗುತ್ತೇನೆ ಎನ್ನುತ್ತಿದ್ದಾರೆ. ಕೇಳಿದ ಕೂಡಲೇ ತಂದೆಯವರ ಕಣ್ಣ ಮುಂದೆ ಮದುವೆ ಮನೆಯ ಲೈಟು, ಆಲ್ಬಮ್ಮು ಬರುತ್ತವೆ. ಅದೂ ಮರ್ಯಾದೆಯ ಕಸುಬೇ. ಆದರೆ ಇಂದು ನಾನು ಹೇಳಹೊರಟಿರುವುದು ಪತ್ರಿಕೆಗಳಿಗಾಗಿ, ದೇಶ ವಿದೇಶ ಸುತ್ತಿ ಚಿತ್ರ ತೆಗೆಯುವವರ ವಿಚಾರ.

ನಮ್ಮ ನಾಡಿನವರೇ ಆದ ಟಿ.ಎಸ್. ಸತ್ಯನ್ ಅವರನ್ನು ಮೊದಲು ನೆನೆಯಬೇಕು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಛಾಯಾಗ್ರಾಹಕರಾದರು. ಅಲ್ಲಿಂದ ಮುಂಬೈಯ ಇಲ್ಲಸ್ಟ್ರೇಟೆಡ್ ವೀಕ್ಲಿಗೆ ಹೋದರು. ಆಮೇಲೆ ಸಂಬಳದ ನೌಕರಿ ಬಿಟ್ಟು ಸ್ವತಂತ್ರವಾಗಿ ದುಡಿದರು. ಅಮೆರಿಕದ ಲೈಫ್ ಪತ್ರಿಕೆಗೆ, ಯುನಿಸೆಫ್‌ಗೆ, ವಿಶ್ವ ಆರೋಗ್ಯ ಸಂಸ್ಥೆಗೆ ಚಿತ್ರ ತೆಗೆದುಕೊಟ್ಟರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ನೆಹರೂ, ಸರ್ ಎಂ.ವಿ. ಮೊದಲಾದ ದೊಡ್ಡವರನ್ನು ತೆಗೆದ ಅದೇ ಕ್ಯಾಮೆರಾ ಹೆಸರಿಲ್ಲದ ಸಾಮಾನ್ಯರ ಕಡೆಗೂ ಅಷ್ಟೇ ಗೌರವದಿಂದ ತಿರುಗಿತು. 2009ರಲ್ಲಿ ತೀರಿಕೊಂಡರು. ‘ಕಾಲಕ್ಕೆ ಕನ್ನಡಿ’ ಎಂಬ ಅವರ ಆತ್ಮಕಥೆ ಕನ್ನಡದಲ್ಲೇ ಇದೆ.

ಇನ್ನೊಬ್ಬರು ದಾನಿಶ್ ಸಿದ್ದಿಖಿ. ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾದಲ್ಲಿ ಅರ್ಥಶಾಸ್ತ್ರ ಓದಿ, ಅಲ್ಲಿಯೇ 2007ರಲ್ಲಿ ಸಮೂಹ ಸಂವಹನದ ಪದವಿ ಪಡೆದವರು. ಮೊದಲು ಟಿ.ವಿ. ವರದಿಗಾರ. 2010ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಗೆ ತರಬೇತಿಯವನಾಗಿ ಸೇರಿದರು. ಕೆಲಸ ಬದಲಾಯಿಸಿ ಕೆಳಗಿನ ಮೆಟ್ಟಿಲಿನಿಂದ ಮತ್ತೆ ಶುರುಮಾಡಿದರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ರೊಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ಅವರ ತಂಡಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಆ ಚಿತ್ರಗಳಲ್ಲಿ ಒಂದರಲ್ಲಿ, ದೋಣಿಯಿಂದ ಇಳಿದ ಬಳಲಿದ ಹೆಣ್ಣುಮಗಳೊಬ್ಬಳು ಬಾಂಗ್ಲಾದೇಶದ ದಡದ ಮಣ್ಣನ್ನು ಕೈಯಿಂದ ಮುಟ್ಟುತ್ತಿದ್ದಾಳೆ. ನೋಡಿದವರು ಮರೆಯಲಾರರು. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಯುದ್ಧದ ವರದಿ ಮಾಡುತ್ತಿದ್ದಾಗ ಕೊಲ್ಲಲ್ಪಟ್ಟರು. ಜಾಮಿಯಾದ ಖಬರಸ್ತಾನದಲ್ಲಿಯೇ ಅವರ ದಫನ್ ಆಯಿತು. ಕೋವಿಡ್ ಕಾಲದ ಚಿತ್ರಗಳಿಗೆ 2022ರಲ್ಲಿ ಮತ್ತೆ ಪುಲಿಟ್ಜರ್ ಬಂದಾಗ ಅವರಿರಲಿಲ್ಲ. ಆ ಪ್ರಶಸ್ತಿ ಹಂಚಿಕೊಂಡವರಲ್ಲಿ ಶ್ರೀನಗರದ ಸನ್ನಾ ಇರ್ಷಾದ್ ಮಟ್ಟೂ ಎಂಬ ಯುವತಿಯೂ ಇದ್ದರು. ನಮ್ಮ ವಿದ್ಯಾರ್ಥಿನಿಯರಿಗಾಗಿ ಈ ಹೆಸರನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಪಾಲಕರ ಹೆದರಿಕೆ ಸುಳ್ಳಲ್ಲ. ಪ್ರಾಣಾಪಾಯ ಎಲ್ಲರಿಗೂ ಬರುವುದಿಲ್ಲ, ಆದರೆ ಸ್ವತಂತ್ರವಾಗಿ ದುಡಿಯುವವರಿಗೆ ತಿಂಗಳ ಮೊದಲನೇ ತಾರೀಖು ಎಂಬುದಿರುವುದಿಲ್ಲ. ಆದ್ದರಿಂದಲೇ ಡಿಗ್ರಿ ಬಿಟ್ಟು ಕ್ಯಾಮೆರಾ ಕೊಳ್ಳುವುದು ಬೇಡ ಎನ್ನುತ್ತೇನೆ. ದಾವಣಗೆರೆಯಲ್ಲೇ ದೃಶ್ಯಕಲಾ ಮಹಾವಿದ್ಯಾಲಯವಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ. ದೂರ ಹೋಗಬಲ್ಲವರಿಗೆ ಜಾಮಿಯಾ ಇದೆ. ಇನ್ನು, ಚಿತ್ರ ತೆಗೆಯುವುದು ದೀನಿನಲ್ಲಿ ಸರಿಯೇ ಎಂದು ಕೇಳುವ ಬುಜುರ್ಗರಿದ್ದಾರೆ. ಉಲಮಾಗಳಲ್ಲಿ ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳಿವೆ, ಅದನ್ನು ಅವರಿಗೇ ಬಿಡುತ್ತೇನೆ. ಹಜ್ ಅರ್ಜಿಗೂ ಫೋಟೋ ಕೊಟ್ಟೇ ಹೋಗುತ್ತೇವೆ ಎಂದಷ್ಟೇ ನೆನಪಿಸುತ್ತೇನೆ.

ಭಾಷೆ ಕಲಿಸುವವನಾಗಿ ನನಗೆ ಈ ಕಸುಬಿನಲ್ಲಿ ಮುಖ್ಯವಾಗಿ ಕಾಣುವುದು ಚಿತ್ರದ ಕೆಳಗಿನ ಎರಡು ಸಾಲು. ಯಾರು, ಎಲ್ಲಿ, ಯಾವಾಗ, ಏನಾಯಿತು. ಅದು ತಪ್ಪಿದರೆ ಒಳ್ಳೆಯ ಚಿತ್ರವೂ ಸುಳ್ಳು ಹೇಳುತ್ತದೆ. ಯಾವುದೋ ಊರಿನ ಗಲಾಟೆಯ ಹಳೆಯ ಚಿತ್ರ ನಮ್ಮ ಊರಿನದೆಂದು ಮೊಬೈಲಿನಲ್ಲಿ ಹರಿದಾಡಿದರೆ ಆಗುವ ಅನಾಹುತ ನಿಮಗೆಲ್ಲ ಗೊತ್ತು. ಸರಿಯಾದ ಎರಡು ಸಾಲು ಬರೆಯಬೇಕಾದರೆ ಆ ಜನರ ಹತ್ತಿರ ಕೂತು ಮಾತಾಡಬೇಕು. ಉರ್ದು, ಕನ್ನಡ ಎರಡೂ ಬಲ್ಲ ನಮ್ಮ ಮಕ್ಕಳಿಗೆ ಎರಡು ಓಣಿಗಳ ಬಾಗಿಲೂ ತೆರೆಯುತ್ತದೆ.

ಸಂತೇಬೆನ್ನೂರಿಗೆ ಹೋದವರೆಲ್ಲ ಪಾಳೆಯಗಾರರ ಕಾಲದ ಪುಷ್ಕರಣಿಯ ಚಿತ್ರ ತೆಗೆಯುತ್ತಾರೆ. ಅದರ ಎದುರಿಗೇ ಬಿಜಾಪುರದ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನಾ ಇದೆ. ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಎಲ್ಲಿ ನಿಲ್ಲಬೇಕು ಎಂದು ಹುಡುಕುವುದೇ ಒಳ್ಳೆಯ ಅಭ್ಯಾಸ. ಫೆಬ್ರವರಿಯಲ್ಲಿ ನ್ಯಾಮತಿಯ ಸೂರಗೊಂಡನಕೊಪ್ಪಕ್ಕೆ ಸೇವಾಲಾಲ್ ಜಯಂತಿಗೆ ಬಂಜಾರ ಯಾತ್ರಿಕರು ಹೊರ ರಾಜ್ಯಗಳಿಂದಲೂ ಬರುತ್ತಾರೆ. ದೇಶ ಸುತ್ತುವ ಮೊದಲು ದೇಶವೇ ನಮ್ಮಲ್ಲಿಗೆ ಬಂದಂತೆ! ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಳ ಅಭಯಾರಣ್ಯವಿದೆ. ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. 2019ರ ಆಗಸ್ಟಿನಲ್ಲಿ ಹೊನ್ನಾಳಿಯಲ್ಲಿ ತುಂಗಭದ್ರೆ ಉಕ್ಕಿದ್ದಳು. ಅಂಥ ಹೊತ್ತಿನಲ್ಲಿ ಮನೆ ಕಳೆದುಕೊಂಡವರ ಮುಂದೆ ನಿಂತು ‘ಸ್ವಲ್ಪ ಇತ್ತ ತಿರುಗಿ’ ಎನ್ನಬಾರದು. ಮೊದಲು ಸಾಮಾನು ಎತ್ತಲು ಕೈ ಹಚ್ಚಿ, ಆಮೇಲೆ ಕೇಳಿ. ಬೇಡ ಎಂದರೆ ಕ್ಯಾಮೆರಾ ಚೀಲಕ್ಕೆ ಹಾಕಿ. ಹೆಣ್ಣುಮಕ್ಕಳ ಚಿತ್ರದಲ್ಲಂತೂ ಒಪ್ಪಿಗೆಯಿಲ್ಲದೆ ಗುಂಡಿ ಒತ್ತಲೇಬಾರದು.

ಸಂಘದ ಪದಾಧಿಕಾರಿಗಳಲ್ಲಿ ಎರಡು ಕೋರಿಕೆಗಳಿವೆ. ಸತ್ಯನ್ ಅವರ ಪುಸ್ತಕವನ್ನು ನಮ್ಮ ಗ್ರಂಥಾಲಯಕ್ಕೆ ತರಿಸಬೇಕು. ಮುಂದಿನ ವರ್ಷದ ಸಂಚಿಕೆಯಲ್ಲಿ ನಾಲ್ಕೂ ತಾಲ್ಲೂಕುಗಳ ವಿದ್ಯಾರ್ಥಿಗಳು ತೆಗೆದ ಚಿತ್ರಗಳಿಗೆ ಎಂಟು ಪುಟ ಬಿಡಬೇಕು. ಮೊಬೈಲಿನಲ್ಲಿ ತೆಗೆದದ್ದಾದರೂ ಸರಿ, ಆದರೆ ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲೂ ಉರ್ದುವಿನಲ್ಲೂ ಎರಡೆರಡು ಸಾಲು ಇರಲಿ. ಅವನ್ನು ತಿದ್ದಿಕೊಡುವ ಕೆಲಸ ನನ್ನದು.